ಸಾತಿ ಬೇಗಳ ಮುದ್ರೆಯುಂಗುರ

"ಸಹಿ ಒಂದು ಹಾಕಿಬಿಡಿ ಪ್ರೇಮಕ್ಕ. ಮತ್ತೆ ನಿಶ್ಚಿಂತೆಯಲ್ಲಿ ತಾಳಮದ್ದಳೆಯ ಅರ್ಥ ಹೇಳಬಹುದು."

ಸಭಾಭವನದ ವೇದಿಕೆಯ ಹಿಂದಿನ ಕೋಣೆಯಲ್ಲಿ ಗಿರಿಧರ ಚಹಾದ ಲೋಟಗಳನ್ನು ಬದಿಗೆ ಸರಿಸಿ ಹಸಿರು ಫೈಲನ್ನು ಬಿಡಿಸಿಟ್ಟ. ಒಳಗಿದ್ದದ್ದು ಒಂದೇ ಹಾಳೆ. ನೇರಳಕಜೆ ಗ್ರಾಮ ಪಂಚಾಯತಿನ ಅಧ್ಯಕ್ಷೆ ಪ್ರೇಮಾವತಿಯಾದ ನಾನು ವೈಯಕ್ತಿಕ ಕಾರಣಗಳಿಂದ ರಾಜೀನಾಮೆ ಕೊಡುತ್ತಿದ್ದೇನೆ ಎಂದು ಪುತ್ತೂರಿನ ಅಸಿಸ್ಟೆಂಟ್ ಕಮಿಷನರ್ ಎ.ಸಿ.ಯವರಿಗೆ ಬರೆದದ್ದು. ಕಂಪ್ಯೂಟರಿನಲ್ಲಿ ಹೊಡೆಸಿ ತಂದಿದ್ದ. ಫ್ಯಾನಿನ ಗಾಳಿಗೆ ಹಾರದ ಹಾಗೆ ಅದರ ಮೇಲೆ ತನ್ನ ಕಾರಿನ ಕೀಗೊಂಚಲನ್ನು ಇಟ್ಟ.

ಪ್ರೇಮಾವತಿಯ ಕಣ್ಣು ಹಾಳೆಯ ಮೇಲೆ ನಿಲ್ಲಲಿಲ್ಲ, ಗೊಂಚಲಿನ ಮೇಲೆ ನಿಂತಿತು. ಕಾರಿನ ಕೀಯ ಪಕ್ಕದಲ್ಲಿ ನೀಲಿ ಬಣ್ಣದ ಡಾಂಗಲ್ ನೇತಾಡುತ್ತಿತ್ತು. ಹೆಬ್ಬೆರಳಿಗಿಂತ ಸಣ್ಣ ಆ ವಸ್ತುವಿನೊಳಗೆ ಅವಳ ಸಹಿ ಇತ್ತು. ಪಂಚಾಯತಿನ ಯಾವ ಬಿಲ್ಲು ಪಾಸಾಗಬೇಕಾದರೂ ಅದನ್ನು ಕಂಪ್ಯೂಟರಿಗೆ ಚುಚ್ಚಬೇಕು. ಅದು ಬಂದ ದಿನ ಒಮ್ಮೆ ಅವಳು ಕೈಯಲ್ಲಿ ಹಿಡಿದು ನೋಡಿದ್ದಳು. "ಇದೆಲ್ಲ ನಿಮಗೆ ಎಂತಕ್ಕೆ ತಲೆಬಿಸಿ" ಎಂದು ಗಿರಿಧರ ಅಂದೇ ತೆಗೆದುಕೊಂಡು ತನ್ನ ಗೊಂಚಲಿಗೆ ಸಿಕ್ಕಿಸಿದ್ದ.

"ಪ್ರಸಂಗ ಮುಗಿಯಲಿ ಗಿರಿಧರಣ್ಣ. ಈಗ ಕೈ ಬೆವರಿದೆ, ಪೆನ್ನು ಜಾರ್ತದೆ."

"ಆಯ್ತು, ನನಗೆಂತ ಅವಸರ ಇಲ್ಲ. ನಾಳೆ ಹತ್ತು ಗಂಟೆಗೆ ಎ.ಸಿ. ಆಫೀಸಿಗೆ ಹೋಗುದು. ಕಾರು ನಾನೇ ತರ್ತೇನೆ." ಅವನು ಫೈಲು ಮಡಚಿ ಕಂಕುಳಲ್ಲಿಟ್ಟುಕೊಂಡ, ಗೊಂಚಲನ್ನು ಜುಬ್ಬದ ಜೇಬಿಗೆ ಇಳಿಸಿದ. ಬಾಗಿಲ ತನಕ ಹೋದವನು ತಿರುಗಿ ನಿಂತ. "ಅವಿಶ್ವಾಸ ತಂದು ಇಳಿಸುದು ನನಗೂ ಇಷ್ಟ ಇಲ್ಲ. ಯಶಸ್ವಿಯ ಹಾಸ್ಟೆಲ್ ಸೀಟಿಗೆ ನಾನೇ ಓಡಾಡಿದವ ಅಲ್ವಾ? ನಿಮ್ಮ ಮರ್ಯಾದೆ ಹೋಗುದು ನೋಡ್ಲಿಕ್ಕೆ ಆಗುದಿಲ್ಲ ನನಗೆ."

ಅದೂ ಸುಳ್ಳಲ್ಲ. ಮಗಳ ಸೀಟಿಗಾಗಿ ಅವನು ಪುತ್ತೂರಿಗೆ ಎಷ್ಟೋ ಸಲ ಹೋಗಿಬಂದಿದ್ದ. ಗಿರಿಧರ ಕೆಟ್ಟವನು ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಹಾಗಿದ್ದರೆ ಪ್ರೇಮಾವತಿಗೆ ಎಷ್ಟೋ ಸುಲಭವಿತ್ತು. ಊರಿಗೆ ಉಪಕಾರ ಮಾಡುವವರು ಊರನ್ನೇ ತಮ್ಮದೆಂದು ತಿಳಿಯುವುದು ಹೊಸತಲ್ಲ. ಮೊದಲಿನ ಅವಧಿಯಲ್ಲಿ ಅವನೇ ಅಧ್ಯಕ್ಷ. ಈ ಸಲ ಸೀಟು ಹೆಂಗಸರಿಗೆ ಮೀಸಲಾದಾಗ, ಪೇಟೆಯಲ್ಲಿ ರವಕೆ ಹೊಲಿದುಕೊಂಡಿದ್ದ, ರಿಕ್ಷಾದ ಪದ್ಮಯ್ಯನ ಹೆಂಡತಿ ಪ್ರೇಮಾವತಿಯನ್ನು ಹುಡುಕಿ ನಿಲ್ಲಿಸಿದ. ಬಾಯಿ ಕಡಿಮೆ, ಕೈ ಶುದ್ಧ, ಹೇಳಿದಲ್ಲಿ ಸಹಿ ಹಾಕುತ್ತಾಳೆ ಎಂಬುದು ಅವನ ಲೆಕ್ಕ.

ಲೆಕ್ಕ ತಪ್ಪಿದ್ದು ಕೆಂಪುಕಲ್ಲಿನ ಕೋರೆಯಲ್ಲಿ. ಬಂಟಕಲ್ಲು ಗುಡ್ಡದಲ್ಲಿ ಕಲ್ಲು ಕಡಿಯುವ ಕೋರೆ ತೆರೆಯಲು ಗಿರಿಧರನ ಪಾಲುದಾರರೊಬ್ಬರು ಅರ್ಜಿ ಹಾಕಿದ್ದರು. ಗುಡ್ಡದ ಬುಡದಲ್ಲಿ ಕಾಲೊನಿ, ಕಾಲೊನಿಗೆ ಒಂದೇ ಬಾವಿ, ಗುಡ್ಡ ಕಡಿದರೆ ಅದರ ಸೆಲೆ ಬತ್ತುತ್ತದೆ. ಪ್ರೇಮಾವತಿ ಆ ಅರ್ಜಿಯನ್ನು ಮೀಟಿಂಗಿಗೆ ಎತ್ತಿಕೊಳ್ಳಲೇ ಇಲ್ಲ. ಗಲಾಟೆ ಮಾಡಲಿಲ್ಲ, ಭಾಷಣ ಮಾಡಲಿಲ್ಲ. "ಮುಂದಿನ ಸಲ ನೋಡುವ" ಎಂದು ಮೂರು ಮೀಟಿಂಗು ದಾಟಿಸಿದಳು. ಆಮೇಲೆ ಊರಲ್ಲಿ ಒಂದು ಹೊಸ ಮಾತು ಹುಟ್ಟಿತು. ಅಧ್ಯಕ್ಷತೆ ಅವಳಿಗೆ ಅರ್ಧ ಅವಧಿಗೆ ಮಾತ್ರವಂತೆ, ಮೊದಲೇ ಒಪ್ಪಂದ ಆಗಿತ್ತಂತೆ. ಆ ಒಪ್ಪಂದ ಪ್ರೇಮಾವತಿಯ ಕಿವಿಗೆ ಬಿದ್ದದ್ದು ಎಲ್ಲರಿಗಿಂತ ಕೊನೆಗೆ.

ನಿನ್ನೆ ಗಂಡನನ್ನು ಕೇಳಿದ್ದಳು. ಪದ್ಮಯ್ಯ ರಿಕ್ಷಾದ ಗಾಜು ಒರೆಸುತ್ತಾ, "ನಂಗೆ ಗೊತ್ಲೆ, ನೀನೇ ನೋಡ್" ಎಂದಿದ್ದ. ಅವನದು ಯಾವಾಗಲೂ ಅದೇ ಉತ್ತರ. ಆದರೆ ನಿನ್ನೆ ಒರೆಸಿದ ಗಾಜನ್ನೇ ಮತ್ತೆ ಒರೆಸಿದ್ದ.

ಚೆಂಡೆಯ ಪೆಟ್ಟು ಕೇಳಿತು. ವೆಂಕಟ್ರಮಣ ಮಾಷ್ಟ್ರು ಒಳಗೆ ಇಣುಕಿದರು. ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿ ನಿವೃತ್ತರಾದವರು. ಊರಿನ ಹೆಂಗಸರಿಗೆ ತಾಳಮದ್ದಳೆ ಕಲಿಸಿದವರೂ ಇವತ್ತಿನ ಪ್ರಸಂಗ ಬರೆದವರೂ ಅವರೇ. ಎಷ್ಟು ಸಲ ಅಂತ ಪುರಾಣದ ಹೆಂಗಸರ ಕೈಯಲ್ಲೇ ಕಣ್ಣೀರು ಹಾಕಿಸುದು ಎಂದು, ಏಳುನೂರು ವರ್ಷ ಹಿಂದೆ ಪರ್ಶಿಯಾ ದೇಶವನ್ನು ಆಳಿದ ಮಂಗೋಲರ ರಾಜಕುಮಾರಿ ಸಾತಿ ಬೇಗಳ ಕಥೆಯನ್ನು ಹುಡುಕಿ ತಂದಿದ್ದರು. ಶುಕ್ರವಾರದ ಪ್ರಾರ್ಥನೆಯಲ್ಲಿ ರಾಣಿಯ ಹೆಸರು ಓದಿಸುವ ಕ್ರಮ ಬಂದಾಗ, ಕಾಲೊನಿಯ ಮೆಂಬರು ಸಫಿಯಾಳ ಮನೆಗೆ ಹೋಗಿ ಅದು ಹೇಗೆಂದು ಕೇಳಿ ತಿಳಿದುಕೊಂಡಿದ್ದರು.

"ಹೆದರಿಕೆ ಉಂಟಾ?" ಎಂದರು ಮಾಷ್ಟ್ರು.

"ಉಂಟು."

"ಒಳ್ಳೇದು. ಹೆದರಿಕೆ ಇಲ್ಲದವರ ಅರ್ಥ ಕೇಳ್ಲಿಕ್ಕೆ ಆಗುದಿಲ್ಲ. ಕೊನೆ ನೆನಪುಂಟಲ್ಲ? ಸಾತಿ ಬೇಗ್ ಇಳಿಯಬೇಕು, ಅವಳನ್ನು ಪೀಠಕ್ಕೇರಿಸಿದ ಚಿಕ್ಕ ಹಸನ ಹೇಳಿದವನನ್ನು ಮದುವೆ ಆಗಬೇಕು. ಚರಿತ್ರೆಯನ್ನು ನಾವು ತಿದ್ದುವ ಹಾಗಿಲ್ಲ."

"ಮತ್ತೆ ಎಂತಾಯ್ತು ಅವಳಿಗೆ?"

"ಯಾರೂ ಬರೆದಿಟ್ಟಿಲ್ಲ. ಕೆಲವು ವರ್ಷ ಕಳೆದ ಮೇಲೆ ಎಲ್ಲೋ ಒಂದು ಊರಲ್ಲಿ ಅವಳ ಹೆಸರಿನ ನಾಣ್ಯ ಹೊಡೆದದ್ದು ಸಿಕ್ಕಿದೆ, ಅಷ್ಟೇ."

ಸಭಾಭವನ ತುಂಬಿತ್ತು. ಯುವಕ ಮಂಡಲದ ವಾರ್ಷಿಕೋತ್ಸವ, ಭಾನುವಾರ ಮಧ್ಯಾಹ್ನ, ಊಟ ಮುಗಿಸಿ ಬಂದ ಜನ. ವೇದಿಕೆಯ ನಡುವೆ ಪದ್ಯ ಹಾಡುವ ಭಾಗವತಿಕೆಗೆ ಗಾನಶ್ರೀ, ಅವಳ ಪಕ್ಕ ಚೆಂಡೆ ಮದ್ದಳೆ. ಆಚೆ ಈಚೆ ಎದುರುಬದುರು ಕುರ್ಚಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕಿರೀಟವೂ ಮಾತು, ಕತ್ತಿಯೂ ಮಾತು. ಪದ್ಯ ಮುಗಿದೊಡನೆ ಆ ಕ್ಷಣಕ್ಕೆ ಹೊಳೆದದ್ದನ್ನು ಆಡಬೇಕು, ಅದೇ ಅರ್ಥ. ಎದುರಿನವರು ಕೇಳಿದ್ದಕ್ಕೆ ಉತ್ತರ ಕೊಡದೆ ಜಾರಿಕೊಂಡರೆ ಸೋತ ಹಾಗೆ. ಇನ್ನೊಂದು ಕ್ರಮವೂ ಉಂಟು. ಮನೆಯ ಜಗಳವನ್ನು ವೇದಿಕೆಗೆ ತರಬಾರದು.

ಸಾತಿ ಬೇಗಳ ಅರ್ಥ ಪ್ರೇಮಾವತಿಯದು, ಚಿಕ್ಕ ಹಸನನ ಅರ್ಥ ಗಿರಿಧರನದು. ಸುತ್ತಲಿನ ಊರುಗಳಲ್ಲಿ ಅವನ ಮಾತಿಗೆ ಹೆಸರಿತ್ತು. ಚಪ್ಪಾಳೆ ಬಿದ್ದರೆ ಉಟ್ಟ ಪಂಚೆಯನ್ನೂ ಬಿಚ್ಚಿ ಕೊಟ್ಟಾನು ಎಂದು ಅವನ ಗೆಳೆಯರೇ ತಮಾಷೆ ಮಾಡುತ್ತಿದ್ದರು.

ಪ್ರಸಂಗ ನಡೆಯುತ್ತಾ ಕೊನೆಯ ಸಂವಾದಕ್ಕೆ ಬಂತು. ಗಾನಶ್ರೀ ಜಾಗಟೆ ಮುಟ್ಟಿ ಪದ್ಯ ಎತ್ತಿದಳು:

ಇಳಿದು ಬಾರೌ ರಾಣಿ ಪೀಠವ
ನುಳಿಸಿಕೊಂಬುದು ತರವೆ ನಿನಗಿದು

ಗಿರಿಧರ ಶಾಲು ಸರಿಮಾಡಿಕೊಂಡ. "ಸಾತಿ ಬೇಗ್, ಸಂಬಂಧದಲ್ಲಿ ನೀವು ನನಗೆ ಅಜ್ಜಿ. ನನ್ನ ಅಜ್ಜ ಚೂಪಾನನ ಕೈಹಿಡಿದವರು. ಅಜ್ಜಿಯಂದಿರಿಗೆ ಬೇಕಾದದ್ದು ವಿಶ್ರಾಂತಿ. ಸಿಂಹಾಸನದಲ್ಲಿ ಹೆಚ್ಚು ಹೊತ್ತು ಕುಳಿತರೆ ಸೊಂಟ ಹಿಡಿಯುತ್ತದೆ."

ಸಭೆ ನಕ್ಕಿತು. ಅವನ ಮುಖ ಅರಳಿತು. ನಗುವಿನ ರುಚಿ ಹತ್ತಿದವನು ಇನ್ನೊಂದು ಹೆಜ್ಜೆ ಮುಂದಿಟ್ಟ. "ಅದೂ ಅಲ್ಲದೆ, ಕೂರಿಸುವಾಗಲೇ ಮಾತಾಗಿತ್ತಲ್ಲ? ಅರ್ಧ ಅವಧಿಗೆ ಮಾತ್ರ ಎಂದು."

ಹಿಂದಿನ ಸಾಲಿನಲ್ಲಿ ನಗು ಜೋರಾಯಿತು. ಮುಂದಿನ ಸಾಲಿನಲ್ಲಿ ಒಮ್ಮೆಗೇ ನಿಂತಿತು. ಅರ್ಧ ಅವಧಿಯ ಮಾತು ಪ್ರಸಂಗದಲ್ಲಿ ಇಲ್ಲ ಎಂಬುದು ಚರಿತ್ರೆ ಓದದವರಿಗೂ ಗೊತ್ತಿತ್ತು. ಎರಡನೇ ಸಾಲಿನಲ್ಲಿದ್ದ ಸಫಿಯಾ ತಲೆ ತಗ್ಗಿಸಿದಳು. ಮಾಷ್ಟ್ರು ಬೀಸಣಿಗೆ ನಿಲ್ಲಿಸಿದರು.

ಪ್ರೇಮಾವತಿಗೆ ಎದ್ದು ಹೋಗಿಬಿಡಲೇ ಅನ್ನಿಸಿತು. ಎದ್ದರೆ ಮುಗಿಯಿತು, ನಾಳೆಯ ಸಹಿ ಇವತ್ತೇ ಬಿದ್ದ ಹಾಗೆ. ಬಟ್ಟೆಗೆ ಕತ್ತರಿ ಇಡುವ ಮೊದಲು ಮಾಡುವಂತೆ ಒಂದು ಉಸಿರು ಹಿಡಿದಳು.

"ಮಾತಾಗಿತ್ತು ಎಂದೆಯಲ್ಲ ಹಸನ, ಯಾರೊಡನೆ?"

"ದೊಡ್ಡವರೊಡನೆ."

"ಕೂರುವವಳೊಡನೆ ಆಗಿತ್ತೇ?"

ಗಿರಿಧರ ನಕ್ಕ. "ಕೂರುವವರೊಡನೆ ಮಾತಾಡಬೇಕೆಂಬ ಪದ್ಧತಿ ನಮ್ಮ ಟಬ್ರೀಜ್ ನಗರದಲ್ಲಿ ಇಲ್ಲ."

"ಇಲ್ಲ. ಅದು ನನಗೆ ಗೊತ್ತು." ಅವಳ ದನಿ ಸಣ್ಣದಿತ್ತು, ಹಿಂದಿನವರು ಕತ್ತು ಮುಂದೆ ಚಾಚಿದರು. "ನಾನು ದೊರೆಯ ಮಗಳಾಗಿ ಬೆಳೆದೆ. ತಮ್ಮ ದೊರೆಯಾದಾಗ, ಸೈನ್ಯ ಕೈಯಲ್ಲಿದ್ದ ನಿನ್ನ ಅಜ್ಜನಿಗೆ ನನ್ನನ್ನು ಕೊಟ್ಟರು. ನನ್ನೊಡನೆ ಮಾತಾಡಲಿಲ್ಲ. ಅದೇ ತಮ್ಮ ಆಮೇಲೆ ನನ್ನ ಗಂಡನ ಮೇಲೆ ಮುನಿದ, ಗಂಡ ಸತ್ತ. ಆಗಲೂ ಮಾತಾಡಲಿಲ್ಲ. ತಮ್ಮ ಸತ್ತ. ಪೀಠ ಹತ್ತಿದವನೊಬ್ಬನಿಗೆ ರಾಜವಂಶದ ಹೆಸರು ಬೇಕಿತ್ತು, ನನ್ನನ್ನು ಕಟ್ಟಿಕೊಂಡ. ಅವನೂ ಸತ್ತ. ಆಗ ನೀನು ಬಂದೆ ಹಸನ. ನಿನ್ನ ವೈರಿಯನ್ನು ಮಣಿಸಲು ನಿನಗೂ ಅದೇ ಹೆಸರು ಬೇಕಿತ್ತು. ನಾಣ್ಯದಲ್ಲಿ ನನ್ನ ಹೆಸರು ಹೊಡೆಸಿದೆ, ಪ್ರಾರ್ಥನೆಯಲ್ಲಿ ಓದಿಸಿದೆ. ಈಗ ಇಳಿ ಎನ್ನುತ್ತೀ. ಇಳಿಯುವುದಕ್ಕೆ ನನಗೆ ಬೇಸರವಿಲ್ಲ. ಒಂದೇ ಸಂಶಯ. ಏರದವಳು ಇಳಿಯುವುದು ಹೇಗೆ?"

"ಏರದವಳೇ? ಕುಳಿತಿದ್ದೀರಲ್ಲ!"

"ಕುರ್ಚಿಯಲ್ಲಿ ಬೆಕ್ಕೂ ಕೂರುತ್ತದೆ. ಆಳಿದ್ದೇನೆ ಎನ್ನಬೇಕಾದರೆ ಕೈಯಲ್ಲಿ ಮುದ್ರೆಯುಂಗುರ ಇರಬೇಕು. ನನ್ನ ಹೆಸರು ಕೆತ್ತಿದ ಉಂಗುರ ಒಂದು ದಿನವೂ ನನ್ನ ಕೈಯಲ್ಲಿ ಇರಲಿಲ್ಲ. ಅದು ಎಲ್ಲಿದೆ ಎಂದು ನಿನಗೆ ಗೊತ್ತು. ಕೊಡು. ಒಮ್ಮೆ ತೊಟ್ಟು, ಆಮೇಲೆ ಇಳಿಯುತ್ತೇನೆ."

ಅವಳು ಬಲಗೈ ಮುಂದೆ ಚಾಚಿದಳು.

ಉತ್ತರ ಕೊಡಬೇಕಾದವನು ಅವನು. ಕೊಡುವುದಿಲ್ಲ ಎಂದರೆ, ರಾಣಿ ಆಳಲೇ ಇಲ್ಲ, ಇಳಿ ಎನ್ನುವ ಮಾತಿಗೆ ಅರ್ಥವೇ ಇಲ್ಲ. ಕೊಟ್ಟೆ ಎಂದು ಬಾಯಲ್ಲಿ ಹೇಳಿದರೆ ಸಾಕಿತ್ತು. ತಾಳಮದ್ದಳೆಯಲ್ಲಿ ಅಷ್ಟೇ ಕೊಡುವುದು. ಗಾನಶ್ರೀ ಮುಂದಿನ ಪದ್ಯಕ್ಕೆ ಜಾಗಟೆ ಎತ್ತಿದ್ದವಳು ಹಾಗೇ ಹಿಡಿದುಕೊಂಡಳು. ಪ್ರೇಮಾವತಿಯ ಕೈ ಗಾಳಿಯಲ್ಲೇ ಇತ್ತು. ಹಿಂದೆ ಹೋಗಲಿಲ್ಲ.

ಸಭೆ ಕಾಯುತ್ತಿತ್ತು. ಕಾಯುವ ಸಭೆಯನ್ನು ಬರಿಗೈಯಲ್ಲಿ ಬಿಡುವುದು ಗಿರಿಧರನಿಗೆ ಹುಟ್ಟಿನಿಂದಲೇ ಬಾರದ ವಿದ್ಯೆ. ಅವನು ಎದ್ದು ನಿಂತ. ಜುಬ್ಬದ ಜೇಬಿಗೆ ಕೈ ಹಾಕಿ ಕೀಗೊಂಚಲನ್ನು ಹೊರತೆಗೆದು ಎಲ್ಲರಿಗೂ ಕಾಣುವ ಹಾಗೆ ಝಣಝಣ ಆಡಿಸಿದ.

"ಇಕೋ. ಚಿಕ್ಕ ಹಸನನ ಹೆಸರು ಮಾತ್ರ ಚಿಕ್ಕದು, ಕೈ ಚಿಕ್ಕದಲ್ಲ."

ಗೊಂಚಲು ಅವಳ ಅಂಗೈಗೆ ಬಿತ್ತು. ಚಪ್ಪಾಳೆಯೋ ಚಪ್ಪಾಳೆ, ಸಿಳ್ಳೆಯೂ ಬಿತ್ತು. ಗಿರಿಧರ ಸಭೆಗೆ ಕೈಮುಗಿದು ಕೂತ. ಪ್ರೇಮಾವತಿ ಬೆರಳು ಮಡಚಿದಳು. ಗೊಂಚಲು ಅವನ ಮೈಶಾಖಕ್ಕೆ ಬೆಚ್ಚಗಿತ್ತು. ಅದನ್ನು ಸೆರಗಿನ ತುದಿಯಲ್ಲಿಟ್ಟು ಗಂಟು ಹಾಕಿ, ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದಳು.

"ಈಗ ಏರಿದೆ," ಎಂದಳು. "ಇನ್ನು ಭಾಗವತರು ಇಳಿಯುವ ಪದ್ಯ ಹಾಡಲಿ."

ಪ್ರಸಂಗ ಚರಿತ್ರೆಯಲ್ಲಿದ್ದ ಹಾಗೆಯೇ ಮುಗಿಯಿತು. ರಾಣಿ ಇಳಿದಳು, ಹೇಳಿದವನನ್ನು ಮದುವೆಯಾದಳು, ಮಂಗಳ ಹಾಡಿದರು.

ಅಂಗಳದಲ್ಲಿ ಗಿರಿಧರ ಕಾರಿಗೆ ಒರಗಿ ಕಾಯುತ್ತಿದ್ದ. ಬಾನೆಟ್ಟಿನ ಮೇಲೆ ಹಸಿರು ಫೈಲು ತೆರೆದಿತ್ತು. ಬೆನ್ನು ತಟ್ಟಿ ಹೋಗುವವರಿಗೆಲ್ಲ ನಗುತ್ತಿದ್ದವನು ಅವಳು ಹತ್ತಿರ ಬಂದಾಗ ನಗು ನಿಲ್ಲಿಸಿದ.

"ಒಳ್ಳೇದಾಯ್ತು ಪ್ರೇಮಕ್ಕ. ನೀವು ಇಷ್ಟು ಮಾತಾಡ್ತೀರಿ ಅಂತ ಗೊತ್ತಿರ್ಲಿಲ್ಲ. ಕೀ ಕೊಡಿ. ಇದಕ್ಕೊಂದು ಸಹಿ ಹಾಕಿ."

ಪ್ರೇಮಾವತಿ ಗಂಟು ಬಿಚ್ಚಿದಳು. ಗೊಂಚಲಿನ ಬಳೆ ಗಟ್ಟಿಯಿತ್ತು, ಉಗುರಿಗೆ ಬಗ್ಗಲಿಲ್ಲ. ಭುಜದ ಮೇಲಿನ ಪಿನ್ನು ಕಿತ್ತು ಬಳೆಯ ಸಂದಿಗೆ ತುರುಕಿ ಅಗಲಿಸಿದಳು. ದಿನವಿಡೀ ಸೂಜಿ ಹಿಡಿಯುವ ಕೈ. ಆದರೂ ಒಮ್ಮೆ ಜಾರಿ ಬೆರಳಿಗೆ ಚುಚ್ಚಿತು. ನೀಲಿ ಡಾಂಗಲನ್ನು ಒಂದೊಂದೇ ಸುತ್ತು ದಾಟಿಸಿ ಹೊರತೆಗೆದಳು. ಉಳಿದ ಗೊಂಚಲನ್ನು ಬಾನೆಟ್ಟಿನ ಮೇಲೆ, ರಾಜೀನಾಮೆಯ ಹಾಳೆ ಹಾರದ ಹಾಗೆ ಅದರ ಮೇಲೆಯೇ ಇಟ್ಟಳು.

"ಅದನ್ನೂ ಕೊಡಿ. ಎಂತ ಇದು ತಮಾಷೆ?"

"ವಾಪಸು ಕೊಡುವ ಪದ್ಯ ಪ್ರಸಂಗದಲ್ಲಿ ಇಲ್ಲ ಗಿರಿಧರಣ್ಣ."

"ಪ್ರಸಂಗ ಮುಗಿದಾಯ್ತು."

"ಅರ್ಧ ಅವಧಿಯ ವಿಷಯ ಪ್ರಸಂಗದ ಒಳಗೆ ತಂದದ್ದು ನೀವಲ್ವಾ? ನಾನು ಇದನ್ನು ಹೊರಗೆ ತಂದೆ, ಅಷ್ಟೇ."

ಅವನು ಹತ್ತಿರ ಬಂದು ದನಿ ತಗ್ಗಿಸಿದ. "ಅವಿಶ್ವಾಸ ತರ್ತೇನೆ. ಕೈ ಎತ್ತುವವರು ನನ್ನ ಹತ್ತಿರ ಇದ್ದಾರೆ."

"ತನ್ನಿ. ಅಷ್ಟರವರೆಗೆ ನನ್ನ ಸಹಿ ನಾನೇ ಹಾಕ್ತೇನೆ. ನಾಳೆ ಕಾರು ಬೇಡ, ನನಗೆ ಪಂಚಾಯತಿನಲ್ಲಿ ಕೆಲಸ ಉಂಟು." ಅವಳು ಮುಂದುವರಿಸಿದಳು. "ಯಶಸ್ವಿಗೆ ನೀವು ಮಾಡಿದ ಉಪಕಾರ ನಾನು ಮರೆಯುದಿಲ್ಲ."

ಸುತ್ತ ಜನ ನಿಂತಿದ್ದರು. ಚಪ್ಪಾಳೆ ಹೊಡೆದವರೇ ಅವರೆಲ್ಲ. ನಾಲ್ಕು ಜನರ ಎದುರು ತಾನೇ ಕೈಯಾರೆ ಕೊಟ್ಟದ್ದನ್ನು ಅದೇ ನಾಲ್ಕು ಜನರ ಎದುರು ಕಿತ್ತುಕೊಳ್ಳುವುದು ಹೇಗೆಂದು ಗಿರಿಧರನಿಗೆ ತೋಚಲಿಲ್ಲ. ಮಾಷ್ಟ್ರು ಚೀಲ ಹೆಗಲಿಗೇರಿಸಿಕೊಂಡು ಹಾದುಹೋಗುವಾಗ ಒಂದು ಕ್ಷಣ ನಿಂತರು.

"ತಾಳಮದ್ದಳೆಯಲ್ಲಿ ಸಾಮಾನು ಹಿಡಿಯುದಿಲ್ಲ ಮಾರಾಯ," ಎಂದರು. "ಎಷ್ಟು ಸಲ ಹೇಳಿದ್ದೇನೆ ನಿನಗೆ."

ಪದ್ಮಯ್ಯ ಗೇಟಿನ ಹತ್ತಿರ ರಿಕ್ಷಾ ಚಾಲು ಮಾಡಿ ಕಾಯುತ್ತಿದ್ದ. ಸಫಿಯಾ ಓಡಿಬಂದು, "ನನ್ನನ್ನು ಕಾಲೊನಿ ಹತ್ತಿರ ಬಿಡಿ" ಎಂದು ಹತ್ತಿ ಕೂತಳು. ಪ್ರೇಮಾವತಿಯ ಬೆರಳಿನ ರಕ್ತ ನೋಡಿ ತನ್ನ ಕರವಸ್ತ್ರ ಕೊಟ್ಟಳು.

ಸೆರಗು ಜಾರುತ್ತಿತ್ತು. ಬಗ್ಗಿದ ಪಿನ್ನನ್ನು ಪ್ರೇಮಾವತಿ ನೆಟ್ಟಗೆ ಮಾಡಲು ನೋಡಿದಳು. ಅದು ಮತ್ತೆ ಮುಚ್ಚಿಕೊಳ್ಳಲಿಲ್ಲ. ಡಾಂಗಲನ್ನು ಮತ್ತೆ ಸೆರಗಿನ ತುದಿಗೆ ಕಟ್ಟಿ, ಆ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಳು. ಬಂಟಕಲ್ಲು ಗುಡ್ಡದ ತಿರುವಿನಲ್ಲಿ ಪದ್ಮಯ್ಯ ವೇಗ ತಗ್ಗಿಸಿದ. ಕಾಲೊನಿಯ ಬಾವಿಕಟ್ಟೆಯಲ್ಲಿ ಯಾರೋ ನೀರು ಸೇದುತ್ತಿದ್ದರು. ಎಣ್ಣೆ ಕಾಣದ ರಾಟೆ ಕಿರುಗುಟ್ಟುತ್ತಿತ್ತು, ಕೊಡಪಾನ ಇನ್ನೂ ಕೆಳಗೆ ಇಳಿಯುತ್ತಲೇ ಇತ್ತು.