ಅಂಗಿಯ ಬಾಲ

ಮೋಜೆಲ್ ಆಡ್ಕಿನ್ಸಳ ಬಂದೂಕಿನ ಅಂಗಡಿಯ ಗೋಡೆಯಲ್ಲಿ ಜಿಂಕೆಯ ತಲೆಗಳಿಗಿಂತ ಅಂಗಿಯ ಬಾಲಗಳೇ ಹೆಚ್ಚು. ಕೆಂಟಕಿಯ ಆ ಗುಡ್ಡಗಳಲ್ಲಿ ಜಿಂಕೆಗೆ ಗುರಿಯಿಟ್ಟು ತಪ್ಪಿದವನು ಸಂಜೆ ಎಲ್ಲರೆದುರು ಬೆನ್ನು ತಿರುಗಿಸಿ ನಿಲ್ಲಬೇಕು. ಉಳಿದವರು ಅವನ ಅಂಗಿಯ ಹಿಂದಿನ ಅಂಚನ್ನು ಗೇಣುದ್ದ ಕತ್ತರಿಸಿ, ಹೆಸರು ಬರೆದು, ಗೋಡೆಗೆ ಮೊಳೆ ಹೊಡೆಯುತ್ತಾರೆ. ಗೋಡೆಯ ಅರ್ಧಭಾಗ ವರ್ಲಿನ್ ಟ್ಯಾಕೆಟ್‌ನ ಆಸ್ತಿ. ಚೌಕಳಿಯದು, ಪಟ್ಟೆಯದು, ನಡುವೆ ಇಸ್ತ್ರಿ ಮಾಡಿದ ಬಿಳಿಯದೊಂದು. ಅದು ಅವನು ಚರ್ಚಿನಲ್ಲಿ ಕಾಣಿಕೆ ತಟ್ಟೆ ಹಿಡಿದು, ಅದೇ ಅಂಗಿಯಲ್ಲಿ ಕಾಡಿಗೆ ಹೋದ ದಿನದ್ದು.

“ಅವನು ಹೊಡೆದದ್ದೆಲ್ಲ ತಪ್ಪೇ” ಎನ್ನುವುದು ಎಲ್ಡನ್ ಸ್ಕ್ಯಾಗ್ಸ್‌ನ ಹಳೆಯ ಮಾತು. ಊರು ಒಂದೇ ಅರ್ಥ ಹಿಡಿದು ನಗುತ್ತಿತ್ತು. ಎರಡನೆಯ ಅರ್ಥ ಗೊತ್ತಿದ್ದವಳು ಎಲ್ಡನ್‌ನ ತಂಗಿ ಅರ್ಲೀನ್. ಕೆಲವು ವರ್ಷ ವರ್ಲಿನ್‌ನ ಹೆಂಡತಿಯಾಗಿದ್ದವಳು. ಈಗ ಓಹಾಯೋದಲ್ಲಿ ಒಬ್ಬ ಲಾರಿ ಚಾಲಕನನ್ನು ಕಟ್ಟಿಕೊಂಡು ನೆಮ್ಮದಿಯಾಗಿದ್ದಳು.

ಆ ಶುಕ್ರವಾರ ಮಧ್ಯಾಹ್ನ ಎಲ್ಡನ್ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಊರನ್ನೆಲ್ಲ ಮನಸ್ಸಿನಲ್ಲೇ ಬೈಯುತ್ತಿದ್ದ. ಮಾರನೆಯ ಬೆಳಿಗ್ಗೆ ಜಿಂಕೆ ಬೇಟೆ ಶುರು. ಕೌಂಟರಿನ ಹಿಂದೆ ಅವನ ಅಪ್ಪನ ಬಂದೂಕು ನಿಂತಿತ್ತು. ಹಿಡಿಯ ಮರದ ಮೇಲೆ ಎಲ್ಡನ್ ಕೂಸಾಗಿದ್ದಾಗ ಕಚ್ಚಿದ ಹಾಲುಹಲ್ಲಿನ ಗುರುತು ಇನ್ನೂ ಇತ್ತು. ಅದನ್ನು ಕಾನೂನಿನ ಪ್ರಕಾರ ಕೊಳ್ಳಬೇಕು, ತನ್ನ ಹೆಸರಿನಲ್ಲಿ, ಬಾಗಿಲು ತೆರೆದ ಅಂಗಡಿಯಲ್ಲಿ, ಹಗಲಿನಲ್ಲಿ. ಅವನಿಗೆ ಬೇಕಾದದ್ದು ಅಷ್ಟೇ.

ಅದಕ್ಕೆ ಅಡ್ಡ ನಿಂತದ್ದು ಒಂದು ತಿಜೋರಿ. ಮೀಸೆ ಮೂಡುವ ವಯಸ್ಸಿನಲ್ಲಿ ಎಲ್ಡನ್ ಇಬ್ಬರು ಗೆಳೆಯರ ಜೊತೆ ದನದ ಮೇವಿನ ಅಂಗಡಿಗೆ ನುಗ್ಗಿ ತಿಜೋರಿಯನ್ನೇ ಉರುಳಿಸಿಕೊಂಡು ಹೋಗಿದ್ದ. ಅದು ಇಳಿಜಾರಿನಲ್ಲಿ ಕೈಬಿಟ್ಟು ಹಳ್ಳಕ್ಕೆ ಬಿತ್ತು. ಪೊಲೀಸರು ಎತ್ತಿ ತೆರೆದಾಗ ಒಳಗೆ ಒಂದು ಒಣಗಿದ ಸ್ಯಾಂಡ್‌ವಿಚ್. ನ್ಯಾಯಾಧೀಶರಿಗೆ ತಿಜೋರಿ ತಿಜೋರಿಯೇ: ದೊಡ್ಡ ಕೇಸು, ಜೈಲು, ಆಮೇಲೆ ಜೀವಮಾನವಿಡೀ ಬಂದೂಕು ಮುಟ್ಟುವಂತಿಲ್ಲ. “ಕಳ್ಳನ ಕೈಗೆ ಇದು ಬೇಡ” ಎಂದು ಅಪ್ಪ ಬಂದೂಕನ್ನು ಕ್ಷೌರಿಕ ಹೋಬರ್ಟ್‌ಗೆ ಮಾರಿಬಿಟ್ಟ. ಹೋಬರ್ಟ್ ಸತ್ತ ಮೇಲೆ ಅವನ ಮಗಳು ಅದನ್ನು ಮೋಜೆಲಳ ಅಂಗಡಿಯಲ್ಲಿ ಮಾರಾಟಕ್ಕಿಟ್ಟಿದ್ದಳು.

ಅಷ್ಟೂ ವರ್ಷ ಎಲ್ಡನ್ ಬೇಟೆಗೆ ಹೋದದ್ದು ತಗಡಿನ ಬಾಣಲೆ ಬಡಿಯುತ್ತ ಪೊದೆಗಳಿಂದ ಜಿಂಕೆ ಎಬ್ಬಿಸಲು. ಅವನು ಎಬ್ಬಿಸಬೇಕು, ಎತ್ತರದಲ್ಲಿ ಕುಳಿತ ವರ್ಲಿನ್ ತಪ್ಪಬೇಕು. ಕೊನೆಗೆ ಎಲ್ಡನ್ ಕ್ಷಮೆ ಕೋರಿ ಗವರ್ನರರಿಗೆ ಅರ್ಜಿ ಬರೆದ. ಆ ಕಚೇರಿಯ ಹೆಂಗಸು ಮೂಗಿನಲ್ಲಿ ರಾಗ ಎಳೆಯುತ್ತ “ತಾವು ಬದಲಾಗಿದ್ದೀರಾಆಆ ಮಿಸ್ಟರ್ ಸ್ಕ್ಯಾಗ್ಸ್?” ಎಂದದ್ದನ್ನು ಅವನು ಊರಿನ ಹೋಟೆಲಿನಲ್ಲಿ ಅಭಿನಯಿಸಿ ತೋರಿಸಿದರೆ, ನಗುವಿಗೆ ಬನ್ನಿನ ಮೇಲಿನ ಗ್ರೇವಿ ಜನರ ಮೂಗಿಗೇರುತ್ತಿತ್ತು. ಕಡೆಗೂ ಪೂರ್ಣ ಕ್ಷಮಾದಾನ ಬಂತು, ಬಂದೂಕಿನ ಹಕ್ಕೂ ಮರಳಿತು. ಆದರೆ ಬಂದೂಕು ಕೊಳ್ಳುವವನ ಪೂರ್ವಾಪರ ನೋಡುವ ಸರ್ಕಾರಿ ಕಚೇರಿ ಸೋಮವಾರ ಮೋಜೆಲಳಿಗೆ ಕೊಟ್ಟ ಉತ್ತರ: ತಡೆಯಿರಿ, ನೋಡುತ್ತಿದ್ದೇವೆ.

“ಇಷ್ಟು ದಿನ ಉತ್ತರ ಬರದಿದ್ರೆ ಕೊಡಬಹುದು ಅನ್ನುತ್ತಲ್ಲ ಕಾನೂನು, ಮೋಜೆಲಕ್ಕ?” ಎಂದ ಎಲ್ಡನ್.

“ಕಾನೂನು ಕೊಡಬಹುದು ಅನ್ನುತ್ತೆ. ಮೋಜೆಲ್ ಕೊಡಲ್ಲ ಅನ್ನುತ್ತಾಳೆ” ಎಂದಳು ಅವಳು. ಹೆಸರಿನಲ್ಲಿದ್ದ ಮೋಜು ಅವಳ ಮುಖಕ್ಕೆ ಎಂದೂ ಇಳಿದಿರಲಿಲ್ಲ. “ಹೂಂ ಅಂತ ಬರಲಿ. ಕೂತ್ಕೋ.”

ಆಗ ಬಾಗಿಲಿನ ಗಂಟೆ ಅಲುಗಿತು. ವರ್ಲಿನ್ ಬಂದ. ಚಳಿಯಲ್ಲಿ ಹಳೆಯ ಟ್ರಕ್ಕು ಸ್ಟಾರ್ಟ್ ಆಗಲು ಒದ್ದಾಡುವಂಥ ನಗು ಅವನದು: ಖೆಖ್ಖೆಖ್ಖೆಖ್ಖೆ, ಎಂಜಿನ್ ಹೊತ್ತಿಕೊಳ್ಳುವುದೇ ಇಲ್ಲ.

“ಏನ್ ಭಾವಯ್ಯ, ಇಲ್ಲೂ ಏನಾದ್ರೂ ಉರುಳಿಸಿಕೊಂಡು ಹೋಗೋಕೆ ಬಂದ್ಯಾ? ಮೋಜೆಲಕ್ಕ, ನಿಮ್ಮ ತಿಜೋರಿ ಹುಷಾರು. ಸ್ಯಾಂಡ್‌ವಿಚ್ ಇಟ್ಟಿದ್ದೀರೋ ಇಲ್ವೋ?”

“ಭಾವಯ್ಯ ಅನ್ನೋಕೆ ನನ್ನ ತಂಗಿ ನಿನ್ನ ಮನೇಲಿಲ್ಲ” ಎಂದ ಎಲ್ಡನ್.

“ಬಾಯ್ರೂಢಿ ಮಾರಾಯ. ನಾಳೆ ಬಾಣಲೆ ಮರೀಬೇಡ. ಆ ಬಂದೂಕು ಹೇಗೂ ನಿನಗೆ ಸಿಗಲ್ಲ, ನಾನು ತಗೋತೀನಿ. ನಿಮ್ಮಪ್ಪನ ಬಂದೂಕಿಗೆ ನೀನೇ ಜಿಂಕೆ ಎಬ್ಬಿಸು. ಪುಣ್ಯ ಬರುತ್ತೆ.”

ಎಲ್ಡನ್ ಮೋಜೆಲಳ ಮುಖ ನೋಡಿದ. “ಇವತ್ತು ಅಂಗಡಿ ಮುಚ್ಚೋ ಹೊತ್ತಿಗೆ ಎಲ್ಡನ್‌ಗೆ ಇಲ್ಲ ಅಂತ ಬಂದ್ರೆ ನಿನ್ನದು” ಎಂದಳು ಅವಳು ವರ್ಲಿನ್‌ಗೆ. “ಅಲ್ಲೀವರೆಗೆ ನಿಂದೂ ವಿಚಾರಿಸಿ ಇಡ್ತೀನಿ. ಈ ಕಾಗದ ತುಂಬಿಸು.”

ವರ್ಲಿನ್ ಅಂಗಡಿಯಲ್ಲಿ ಬಂದೂಕು ಕೊಂಡವನೇ ಅಲ್ಲ. ಅವನ ಬಂದೂಕುಗಳೆಲ್ಲ ಅಪ್ಪನಿಂದ ಬಂದವು, ಇಲ್ಲವೇ ನೆರೆಯವರ ಟ್ರಕ್ಕಿನ ಹಿಂಭಾಗದಲ್ಲಿ ಕೈಬದಲಾದವು. ಪೆನ್ನು ಹಿಡಿದು ಪ್ರಶ್ನೆ ಓದದೆ ಸಾಲಾಗಿ “ಇಲ್ಲ, ಇಲ್ಲ, ಇಲ್ಲ” ಎಂದು ಗುರುತು ಹಾಕುತ್ತ ಹೋದ, ಚರ್ಚಿನಲ್ಲಿ ಅರ್ಧ ನಿದ್ದೆಯಲ್ಲಿ ಆಮೆನ್ ಅನ್ನುವವನ ಹಾಗೆ.

“ಓದಿ ಹಾಕು” ಎಂದಳು ಮೋಜೆಲ್.

“ಓದೋದೆಲ್ಲ ದೊಡ್ಡ ಕೇಸಿನೋರಿಗೆ, ಎಲ್ಡನ್‌ನಂಥೋರಿಗೆ. ನಮ್ದೇನಿದ್ರೂ ಚಿಲ್ಲರೆ.”

ಚಿಲ್ಲರೆ ಮನುಷ್ಯನಿಗೆ ಇನ್ನೇನಿರುತ್ತೆ ಎಂದುಕೊಂಡ ಎಲ್ಡನ್. ವರ್ಲಿನ್ ಆಗಲೇ ಬಂದೂಕೆತ್ತಿ ಗೋಡೆಯ ಮೇಲಿನ ಜಿಂಕೆಗೆ ಗುರಿಯಿಡುತ್ತಿದ್ದ. ಸತ್ತು ಒಣಗಿ ಮೊಳೆಗೆ ತೂಗಿದ್ದ ಜಿಂಕೆ. ಅದಕ್ಕೂ ಅವನು ತಪ್ಪಿಯಾನು. ಅವನ ಹೆಬ್ಬೆರಳು ಹಲ್ಲಿನ ಗುರುತಿನ ಮೇಲೇ ಕೂತಿತ್ತು.

ಮೋಜೆಲ್ ಕಂಪ್ಯೂಟರಿನಲ್ಲಿ ವಿವರ ಕಳಿಸಿದಳು. ಕಾಫಿ ಆರುವುದರೊಳಗೆ ಉತ್ತರ ಬಂತು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದಳು.

“ಕೆಳಗಿಡು ಅದನ್ನ.”

“ಯಾಕೆ?”

“ನಿರಾಕರಿಸಿದ್ದಾರೆ.”

“ಅದು ಎಲ್ಡನ್‌ದು ಬಂದಿರೋದು.”

“ವರ್ಲಿನ್ ಟ್ಯಾಕೆಟ್ ಅಂತಿದೆ. ಕಾರಣ ಬರೆಯಲ್ಲ ಅವರು. ಆದ್ರೆ ನಂಗೆ ಈ ಪ್ರಶ್ನೆ ಮೇಲೆ ಅನುಮಾನ.” ಅವಳು ಬೆರಳಿಟ್ಟು ಸಾವಕಾಶವಾಗಿ ಓದಿದಳು: “ಹೆಂಡತಿಯ ಅಥವಾ ಮನೆಯವರ ಮೇಲೆ ಕೈಮಾಡಿದ್ದಕ್ಕೆ, ಸಣ್ಣ ಕೇಸಿನಲ್ಲಾದರೂ ಸರಿ, ನೀವು ತಪ್ಪಿತಸ್ಥರೆಂದು ತೀರ್ಪಾಗಿದೆಯೇ?”

ವರ್ಲಿನ್ ಬಂದೂಕನ್ನು ಎದೆಗೆ ಅವಚಿಕೊಂಡ.

“ಅದು... ಅದು ಚಿಲ್ಲರೆ ಕೇಸು ಕಣಕ್ಕ! ಆವತ್ತು ಸ್ವಲ್ಪ ಗುಂಡು ಹಾಕಿದ್ದೆ, ಒಂದೇಟು ಬಿತ್ತು. ನಾನು ಲಾಯರ್ ಇಟ್ಟು ನಡೆಸಿದ್ರೆ ಗೆಲ್ತಿದ್ದೆ. ಮಾರನೇ ದಿನ ಬೇಟೆ ಶುರು ಇತ್ತಲ್ಲ! ನ್ಯಾಯಾಧೀಶರು ತಪ್ಪು ಒಪ್ಕೊಂಡ್ರೆ ದಂಡ ಕಟ್ಟಿ ಹೋಗು ಅಂದ್ರು. ಬೇಟೆ ತಪ್ಪಿಹೋಗುತ್ತೆ ಅಂತ ಒಪ್ಕೊಂಡು ಬಂದೆ.”

ಎಲ್ಡನ್‌ಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಸ್ಟೂಲಿನಿಂದ ಬೀಳುವಷ್ಟು ನಗು ಬಂತು. ಒಂದು ದಿನದ ಬೇಟೆ ತಪ್ಪಬಾರದೆಂದು ಈ ಮಹಾಶಯ ಜನ್ಮದ ಬೇಟೆಯನ್ನೇ ಬರೆದುಕೊಟ್ಟು ಬಂದಿದ್ದ. ಗುಂಡು ಹಾಕಿದವನಿಗೆ ಇನ್ನು ಗುಂಡು ಹಾರಿಸುವಂತಿಲ್ಲ. ಮತ್ತು ಅದು ತಿಳಿಯದೆ ಇಷ್ಟು ವರ್ಷ ಎತ್ತರದಲ್ಲಿ ಕುಳಿತು, ಕೆಳಗೆ ಬಾಣಲೆ ಬಡಿಯುವವನನ್ನು ಅಪರಾಧಿ ಎನ್ನುತ್ತಿದ್ದ!

“ಮನೇಲಿರೋ ಬಂದೂಕುಗಳೂ ಇರಬಾರದು ವರ್ಲಿನ್” ಎಂದಳು ಮೋಜೆಲ್. “ಒಬ್ಬ ವಕೀಲನ್ನ ಕೇಳು. ಇವತ್ತೇ ಕೇಳು.”

ಮತ್ತೆ ಕಂಪ್ಯೂಟರ್ ಟಿಂಗ್ ಎಂದಿತು. ಅವಳು ನೋಡಿ, ವರ್ಲಿನ್‌ನ ಕೈಯಿಂದ ಬಂದೂಕು ತೆಗೆದುಕೊಂಡು ಎಲ್ಡನ್‌ನ ಮುಂದೆ ಅಡ್ಡಲಾಗಿ ಇಟ್ಟಳು. “ಹೂಂ ಅಂದ್ರು.”

ಎಲ್ಡನ್ ಹಲ್ಲಿನ ಗುರುತನ್ನು ಸವರಿದ. ಕಣ್ಣು ಮಂಜಾಯಿತು, ವರ್ಲಿನ್‌ನ ಎದುರಿಗೆ ಕಣ್ಣೀರು ದಂಡವೆಂದು ತಕ್ಷಣ ಕೆಮ್ಮಿದ.

“ಎಲ್ಡನ್, ಒಂದು ಫೋನ್ ಮಾಡೋ” ಎಂದ ವರ್ಲಿನ್. ಭಾವಯ್ಯ ಹೋಗಿ ಎಲ್ಡನ್ ಬಂದಿತ್ತು. “ಅರ್ಲೀನ್‌ಗೆ. ಹಂಗೇನೂ ಆಗಿರಲಿಲ್ಲ, ಕೈ ತಗುಲಿತು ಅಷ್ಟೇ ಅಂತ ಅವಳು ಕೋರ್ಟಿಗೆ ಬರೆದುಕೊಟ್ರೆ ಸರಿಹೋಗಬಹುದು. ನನ್ನ ಕರೆ ಅವಳು ಎತ್ತಲ್ಲ.”

ಎಲ್ಡನ್ ಇಂಥ ಸುಖವನ್ನು ಬಿಟ್ಟಾನೆಯೇ? ಎಲ್ಲರಿಗೂ ಕೇಳುವಂತೆ ಫೋನನ್ನು ಕೌಂಟರಿನ ಮೇಲಿಟ್ಟ. ತಂಗಿಗೆ ಕಥೆ ಹೇಳಿದ. ವರ್ಲಿನ್‌ನ ದನಿ ಮಾಡಿದ, ಆಮೆನ್ ಮಾಡಿದ, ಟ್ರಕ್ಕಿನ ನಗು ಮಾಡಿದ, ‘ಚಿಲ್ಲರೆ ಕಣಕ್ಕ’ ಮಾಡಿದ. ಆ ಕಡೆಯಿಂದ ಅರ್ಲೀನ್ ಉಸಿರುಕಟ್ಟಿ ನಕ್ಕಳು. ಮೋಜೆಲಳ ತುಟಿ ಕೂಡ ಒಂದು ಕಡೆ ಸರಿಯಿತು. ಡ್ರಾಯರಿನಿಂದ ಕತ್ತರಿ ತೆಗೆದಳು.

“ತಿರುಗು ವರ್ಲಿನ್. ಗುರಿ ತಪ್ಪಿದೆ. ಪದ್ಧತಿ ಪದ್ಧತಿಯೇ.”

“ಅಕ್ಕ, ಬೇಡ...” ಎನ್ನುತ್ತಲೇ ವರ್ಲಿನ್ ಬೆನ್ನು ತಿರುಗಿಸಿದ.

“ಏನ್ ಮಾಡ್ತಿದ್ದೀರಿ ಅಲ್ಲಿ?” ಎಂದಳು ಅರ್ಲೀನ್.

“ಅವನ ಅಂಗಿ ಬಾಲ ಕತ್ತರಿಸ್ತಿದ್ದೀವಿ. ನಿನಗೊಂದು ತುಂಡು ಪೋಸ್ಟ್ ಮಾಡ್ಲಾ?” ಎಂದ ಎಲ್ಡನ್.

ಕರೆ ಕಡಿದುಹೋಯಿತೇನೋ ಎಂದು ಎಲ್ಡನ್ ಬಗ್ಗಿ ನೋಡಿದ.

“ಕತ್ತರಿಸಬೇಡಿ ಅಣ್ಣ” ಎಂದಳು ಅರ್ಲೀನ್. ನಗು ಎಲ್ಲೋ ಹೋಗಿತ್ತು. “ಅದು ಗುರಿ ತಪ್ಪಿದೋರಿಗೆ. ನನ್ನ ಎಡಗಿವಿ ಇವತ್ತಿಗೂ ಕೇಳಲ್ಲ. ಅವನ ಜನ್ಮದಲ್ಲಿ ತಪ್ಪದೆ ಬಿದ್ದಿದ್ದು ಅದೊಂದೇ ಏಟು.”

ಫೋನಿಟ್ಟಳು.

ಎಲ್ಡನ್‌ಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅವಳು ಫೋನನ್ನು ಬಲಗಡೆಗೇ ಹಿಡಿಯುವುದನ್ನು ನೋಡಿಯೂ ಗೊತ್ತಿರಲಿಲ್ಲ. ಮೋಜೆಲ್ ಕತ್ತರಿಯನ್ನು ಡ್ರಾಯರಿಗೆ ಹಾಕಿ ನೂಕಿದಳು. ವರ್ಲಿನ್ ಇನ್ನೂ ಬೆನ್ನು ತಿರುಗಿಸಿಕೊಂಡೇ ನಿಂತಿದ್ದ, ಅಂಗಿಯ ಬಾಲ ಪೂರ್ತಿಯಾಗಿ ತೂಗುತ್ತಿತ್ತು.