ಗಡಿಯಾರದ ಬೆನ್ನ ಮೇಲಿನ ವಿಳಾಸ

ಗಡಿಯಾರ ರಿಪೇರಿ ಅಂಗಡಿಯ ಅಕ್ಕ ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಮೊಬೈಲ್ ತೆರೆದು ಕೂರುತ್ತಾಳೆ. ಗಂಡ ತೀರಿಕೊಂಡು ಮೂರು ವರ್ಷವಾಯಿತು. ಆತ ಮಾಡಿಸಿಟ್ಟ ವೆಬ್‌ಸೈಟಿಗೆ ಈಗಲೂ ಯಾರ್ಯಾರೋ ಬರೆಯುತ್ತಾರೆ: "ನೀವು ಸರಿ ಮಾಡಿಕೊಟ್ಟ ಗಡಿಯಾರ ಇನ್ನೂ ಓಡ್ತಿದೆ ಸ್ವಾಮಿ, ಚೆನ್ನಾಗಿದ್ದೀರಾ?" ಓದುವಾಗ ಆತ ಒಳಕೋಣೆಯಲ್ಲೇ ಇದ್ದಾನೆ ಅನ್ನಿಸುತ್ತದೆ ಅಕ್ಕನಿಗೆ.

ಅವತ್ತು ಬಂದದ್ದು ಬೇರೆ ಪತ್ರ, ವೆಬ್ ಹೆಸರು ಮಾರಿದವರದ್ದು. ವೆಬ್‌ಸೈಟಿನ ಹೆಸರನ್ನು ಹಣ ಕಟ್ಟಿ ನವೀಕರಿಸಬೇಕು, ಮುಂದಿನ ತಿಂಗಳಿಂದ ದರ ಜಾಸ್ತಿ.

ಪಕ್ಕದ ಕಂಪ್ಯೂಟರ್ ಮೇಷ್ಟ್ರಿಗೆ ತೋರಿಸಿದಳು. "ಹಗಲು ದರೋಡೆ ಮೇಷ್ಟ್ರೇ! ಬೇರೆ ಕಡೆ ತಗೊಂಡ್ರಾಯ್ತಪ್ಪ."

"ಮಾರೋರು ಬೇಕಾದಷ್ಟು ಜನ ಇದ್ದಾರಕ್ಕ. ಆದ್ರೆ ಹೆಸರಿನ ಕೊನೇಲಿ ಡಾಟ್ ಆದ್ಮೇಲೆ ಒಂದು ಬಾಲ ಇದ್ಯಲ್ಲ, ಆ ಬಾಲ ಹಿಡ್ಕೊಂಡಿರೋದು ಒಂದೇ ಕಂಪನಿ. ಯಾರ ಹತ್ರ ತಗೊಂಡ್ರೂ ಅವರಿಗೆ ಕಪ್ಪ ಹೋಗ್ಲೇಬೇಕು."

"ಹಾಗಾದ್ರೆ ಬೇರೆ ಬಾಲ ಹಾಕ್ಕೋತೀನಿ, ಹೋಗ್ಲಿ!"

ಅಂದವಳಿಗೆ ತಟ್ಟನೆ ನೆನಪಾಯಿತು. ಗಂಡ ರಿಪೇರಿ ಮಾಡಿದ ಪ್ರತಿ ಗಡಿಯಾರದ ಹಿಂಬದಿಯಲ್ಲೂ ಆ ವಿಳಾಸವನ್ನೇ ಕೊರೆದು ಕಳಿಸಿದ್ದ. ಊರೂರು ಸೇರಿದ ಗಡಿಯಾರಗಳನ್ನು ಈಗ ಎಲ್ಲಿ ಹುಡುಕುವುದು?

"ನಮ್ಮವರು ಕೊರೆದದ್ದನ್ನ ನಾನು ಹೇಗೆ ಅಳಿಸ್ಲಿ ಮೇಷ್ಟ್ರೇ?"

"ನಮ್ಮ ಜುಟ್ಟು ಅವರ ಕೈಲಿರೋದೇ ಹೀಗೆ. ಅದಕ್ಕೇ ದರಕ್ಕೆ ಮಿತಿ ಹಾಕೋಕೆ ನಿಯಂತ್ರಣ ಮಂಡಳಿ ಅಂತ ಇರೋದು. ಈ ಸಲದ ಏರಿಕೆ ಮಿತಿಯೊಳಗಿನದೇ, ಆದ್ರೆ ಈಗ ಆ ಮಿತಿಯನ್ನೇ ತೆಗೀರಿ ಅಂತ ಕಂಪನಿ ಕೇಳಿದೆ. ಮಂಡಳಿ ಜನರ ಅಭಿಪ್ರಾಯ ಕೇಳ್ತಿದೆ, ಶುಕ್ರವಾರ ಕಡೇ ದಿನ."

"ಸ್ಕ್ರೂ ತಿರುಗಿಸೋಳ ಮಾತು ಯಾರು ಕೇಳ್ತಾರೆ?"

"ಕಂಪನಿ ಆಗ್ಲೇ ಬರೆದಾಯ್ತು. ನೀವು ಬರೀದಿದ್ರೆ ಅಲ್ಲಿ ಅವರದೊಂದೇ ಮಾತಿರುತ್ತೆ."

ಮೇಷ್ಟ್ರು ಹೇಳಿದಂತೆ ಅಕ್ಕ ಗಂಡನ ಖಾತೆಯಲ್ಲಿದ್ದ ವೆಬ್ ಹೆಸರನ್ನು ತನ್ನ ಖಾತೆಗೆ ವರ್ಗಾಯಿಸಿ, ಹಳೆಯ ದರದಲ್ಲೇ ಹತ್ತು ವರ್ಷಕ್ಕೆ ನವೀಕರಿಸಿದಳು. ಆಮೇಲೆ ಮಂಡಳಿಗೆ ಬರೆದಳು: "ನನ್ನ ಗಂಡನಿಗೆ ಪತ್ರ ಬರುವ ದಾರಿ ಇದೊಂದೇ. ಇದಕ್ಕೆ ಬೆಲೆ ಕಟ್ಟುವವರನ್ನು ಕೇಳುವವರು ಯಾರಾದರೂ ಇರಬೇಕು."

ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಅಂಗಡಿಯ, ಸಂಘದ ವೆಬ್ ಹೆಸರು ಯಾರ ಖಾತೆಯಲ್ಲಿದೆ, ಅವಧಿ ಯಾವಾಗ ಮುಗಿಯುತ್ತದೆ, ಇವತ್ತೇ ನೋಡಿ. ದರ ಏರುವ ಸುದ್ದಿ ಬಂದರೆ ಏರುವ ಮೊದಲೇ ನವೀಕರಿಸಿ. ಮಂಡಳಿ ಅಭಿಪ್ರಾಯ ಕೇಳಿದಾಗ ನಾಲ್ಕು ಸಾಲು ಬರೆಯಿರಿ, ನಿಮಗೆ ಬರುವ ಭಾಷೆಯಲ್ಲೇ ಬರೆಯಿರಿ. ನಿಮ್ಮವರನ್ನು ಕೇಳಿಕೊಂಡು ಬರುವವರು ಇನ್ನೂ ಇದ್ದಾರೆ.