ವಾರದ ಲೆಕ್ಕದ ಅಕ್ಕನಾಗಮ್ಮ

ಸಂಡೂರಿನ ಹೆರಿಗೆ ವಾರ್ಡಿನಲ್ಲಿ ಅಕ್ಕನಾಗಮ್ಮ ಸಿಸ್ಟರ್ ಇರುವಷ್ಟು ಹೊತ್ತು ‘ತಿಂಗಳು’ ಎಂಬ ಮಾತಿಗೆ ಪ್ರವೇಶವಿಲ್ಲ. ಬಾಯಿತಪ್ಪಿ ಯಾರಾದರೂ ಎಂಟು ತಿಂಗಳು ಎಂದರೋ, ಎಡಗಾಲನ್ನು ತುಸು ಎಳೆದುಹಾಕುವ ತಮ್ಮ ನಡಿಗೆಯನ್ನು ಥಟ್ಟನೆ ನಿಲ್ಲಿಸಿ, ಕೋಟಿನ ಜೇಬಿನಿಂದ ಮಾಸಿದ ಪುಟ್ಟ ಕ್ಯಾಲೆಂಡರ್ ತೆಗೆದು, “ವಾರ ಹೇಳ್ರಿ, ವಾರ” ಎನ್ನುತ್ತಾರೆ. ಹೊಸ ನರ್ಸುಗಳು ಬೆನ್ನ ಹಿಂದೆ ಅವರನ್ನು ‘ವಾರದಮ್ಮ’ ಎನ್ನುವುದುಂಟು; ಅದು ಕಿವಿಗೆ ಬಿದ್ದರೆ ಅವರಿಗೆ ಖುಷಿಯೇ.

ಈ ಹಟಕ್ಕೆ ಕಾರಣವಿದೆ. ಏಳು ತಿಂಗಳ ಕೂಸಾದರೂ ಬದುಕೀತು, ಎಂಟರದ್ದು ದಕ್ಕದು ಎಂಬ ನಂಬಿಕೆ ಈ ಸೀಮೆಯ ಮನೆಗಳಲ್ಲಿ ಇನ್ನೂ ಬೇರುಬಿಟ್ಟಿದೆ. ಗರ್ಭದಲ್ಲಿ ಒಂದು ದಿನ ಹೆಚ್ಚು ಉಳಿದರೂ ಶಿಶುವಿಗೆ ಅಷ್ಟು ಬಲ ಎಂಬ ಸತ್ಯ ಅದರೆದುರು ಸೊರಗುತ್ತದೆ.

ಕಳೆದ ಶ್ರಾವಣದಲ್ಲಿ ವಡ್ಡು ಎಂಬ ಹಳ್ಳಿಯ ಭವ್ಯ ನೋವೆಂದು ಬಂದಾಗ ಅವಳಿಗೆ ಮೂವತ್ತೆರಡನೆಯ ವಾರ. ಅತ್ತೆ ಉಚ್ಚಂಗೆಮ್ಮ ಇದು ಉಷ್ಣವೆಂದು ಬೆಳಗಿನಿಂದ ಜೀರಿಗೆ ಕಷಾಯ ಕುಡಿಸಿದ್ದಳು. ಹೆರಿಗೆ ನೋವೆಂದು ತಿಳಿದದ್ದೇ ಸೆರಗು ಬಾಯಿಗಿಟ್ಟುಕೊಂಡಳು.

“ಎಂಟರಾಗ ಬಿದ್ದೈತ್ರಿ, ಉಳಿಯಂಗಿಲ್ಲ. ಸುಮ್ನ ಸೂಜಿ ಚುಚ್ಚಬ್ಯಾಡ್ರಿ, ಮನಿಗೆ ಕರ್ಕೊಂಡು ಹೋಗ್ತೀವಿ.”

“ಎಂಟು ಗಿಂಟು ನಂಗ ಗೊತ್ತಿಲ್ಲ ಯವ್ವಾ. ಎರಡು ದಿನ ಕೊಡ್ರಿ. ಈ ಸೂಜಿ ಕೂಸು ಉಸುರಾಡಾಕ ಬೇಕು” ಎಂದರು ಅಕ್ಕನಾಗಮ್ಮ.

ಹೆರಿಗೆ ನೋವನ್ನು ಮುಂದೂಡಲು ಮಾತ್ರೆ, ಮಗುವಿನ ಶ್ವಾಸಕೋಶ ಬಲಿಯಲು ಹನ್ನೆರಡು ಗಂಟೆಗೊಂದರಂತೆ ನಾಲ್ಕು ಇಂಜೆಕ್ಷನ್ ಎಂದು ಡಾಕ್ಟರು ಬರೆದಿದ್ದರು. ಭವ್ಯಳನ್ನು ಎಡಮಗ್ಗುಲಿಗೆ ಮಲಗಿಸಿ, ಹೊಟ್ಟೆಯ ಮೇಲೆ ಅಂಗೈಯಿಟ್ಟು, ಕಣ್ಣುಮುಚ್ಚಿ ಒಂದೊಂದು ಬಿಗಿತವನ್ನೂ ಎಣಿಸುತ್ತ, ಜ್ವರ ಬಂತೇ, ನೀರು ಒಡೆಯಿತೇ ಎಂದು ಮತ್ತೆಮತ್ತೆ ನೋಡುತ್ತ ಅಕ್ಕನಾಗಮ್ಮ ಡ್ಯೂಟಿ ಮುಗಿದರೂ ಕದಲಲಿಲ್ಲ. ಒಳಗೊಳಗೆ ಅವರಿಗೂ ಭಯವಿತ್ತು. ಇಷ್ಟು ಹೇಳಿಯೂ ಕೂಸು ಉಳಿಯದಿದ್ದರೆ, ನಾಳೆ ವಡ್ಡುವಿನಿಂದ ಇನ್ನೊಬ್ಬ ಬಸುರಿ ಹೊತ್ತಿಗೆ ಸರಿಯಾಗಿ ಇಲ್ಲಿಗೆ ಬರುವುದಿಲ್ಲ.

ನಾಲ್ಕನೆಯ ಇಂಜೆಕ್ಷನ್ ದಾಟಿಸಿಕೊಂಡು, ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಹೆಣ್ಣುಮಗು ಹುಟ್ಟಿತು. ಒಂದು ಕಿಲೋ ಏಳುನೂರು ಗ್ರಾಂ ತೂಗಿದ ಆ ಜೀವ ಅತ್ತದ್ದು ಹೊರಗಿನ ಜಗಲಿಗೂ ಕೇಳಿಸಿತು. ಬಾಣಂತಿ ದಣಿದಾಗ ಸಿಸ್ಟರ್ ಅತ್ತೆಯನ್ನೇ ಕರೆದು ಕೂರಿಸಿ, ಕುಪ್ಪಸ ಸಡಿಲಿಸಿ, ಮೈಶಾಖ ಸಿಗಲೆಂದು ಮಗುವನ್ನು ಬರಿಯ ಎದೆಗೆ ಒರಗಿಸಿದರು.

“ಯವ್ವಾ, ಬೆಚ್ಚಗೈತಿ! ಉಸುರಾಡಾಕ ಹತ್ತೇತಿ!” ಎಂದು ಉಚ್ಚಂಗೆಮ್ಮ ಗಳಗಳನೆ ಅತ್ತುಬಿಟ್ಟಳು. ಅಕ್ಕನಾಗಮ್ಮನ ಕಣ್ಣೂ ತುಂಬಿತು, ಮುಖವೆಲ್ಲ ಗೆದ್ದ ಕಳೆ.

ಹೆರಿಗೆ ಮಾಡಿಸುವವರ ಕೈಗುಣವನ್ನು ಲೋಕ ಅವರು ಎತ್ತಿಕೊಂಡ ಕೂಸುಗಳಿಂದ ಅಳೆಯುತ್ತದೆ. ಬರಲು ಅವಸರಪಟ್ಟ ಜೀವವನ್ನು ಗದರಿ, ರಮಿಸಿ, ಎರಡೇ ಎರಡು ದಿನ ಬಾಗಿಲ ಒಳಗೆ ನಿಲ್ಲಿಸಿಕೊಂಡವರ ಹೆಸರು ಯಾವ ನಾಮಕರಣದಲ್ಲೂ ಕೇಳಿಬರುವುದಿಲ್ಲ. ಆದರೂ ತೊಟ್ಟಿಲು ತೂಗುವುದು ಅವರು ಗಳಿಸಿಕೊಟ್ಟ ಆ ಎರಡು ದಿನಗಳಿಂದಲೇ.